ತಿಥಿ, ವಾರ ಮತ್ತು ಅಂಕಿ

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲೂಕಿನ ಕಾಖಂಡಕಿ, ಕನ್ನಡ ಸಾಹಿತ್ಯವನ್ನು ಬಲ್ಲವರಿಗೆಲ್ಲ ಮಹಿಪತಿದಾಸರ ಊರು. ಆದಿಲಶಾಹಿ ಆಡಳಿತದಲ್ಲಿ ಅಧಿಕಾರದ ಸ್ಥಾನದಲ್ಲಿದ್ದ ಅವರು ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು, ದರಬಾರಿನ ಬದುಕನ್ನು ಬಿಟ್ಟು, ಈ ಊರಿನಲ್ಲಿ ನೆಲೆಸಿದರು. ಅವರ ಮಗ ಕೃಷ್ಣದಾಸರೂ ಕೀರ್ತನಕಾರರೇ. ನಮ್ಮ ಸಾಹಿತ್ಯ ಚರಿತ್ರೆಗಳು ಮಹಿಪತಿದಾಸರ ಕಾಲವನ್ನು 1611ರಿಂದ 1681 ಎಂದು ಹೇಳುವುದು ವಾಡಿಕೆ. ಹೀಗೆ ಎರಡು ಅಂಕಿಗಳನ್ನು ಆವರಣದಲ್ಲಿ ಬರೆದು ಮುಂದೆ ಸಾಗುವುದು ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಆ ಅಂಕಿಗಳು ಎಲ್ಲಿಂದ ಬಂದವು ಎಂದು ಕೇಳುವ ಗೋಜಿಗೆ ನಾವು ಹೋಗುವುದಿಲ್ಲ. ದಾಸರ ಪದದಲ್ಲಿ ಅಂಕಿತವಿರುತ್ತದೆ; ದಿನಾಂಕವಿರುವುದಿಲ್ಲ.

ಆದರೆ ದಾಸ ಪರಂಪರೆ ಕಾಲವನ್ನು ಮರೆತದ್ದೂ ಅಲ್ಲ. ಆರಾಧನೆಯ ತಿಥಿಯನ್ನು ಅದು ತಪ್ಪದೆ ಕಾಪಾಡಿಕೊಂಡು ಬಂದಿದೆ. ಮಾಸ, ಪಕ್ಷ, ತಿಥಿ, ಈ ಮೂರು ಗೊತ್ತಿದ್ದರೆ ಆರಾಧನೆ ಮಾಡುವವರಿಗೆ ಸಾಕು; ಎಷ್ಟನೆಯ ವರ್ಷ ಎಂಬುದು ಪೂಜೆಗೆ ಬೇಡ. ಅದೇ ಊರಿನಲ್ಲಿ ಕಾರಹುಣ್ಣಿಮೆಯ ಬಳಿಕ ನಡೆಯುವ ಕರಿ ಸುತ್ತಣ ಸೀಮೆಗೆಲ್ಲ ಹೆಸರಾದದ್ದು. ಓಡುವ ಹೋರಿಗಳನ್ನು ನೋಡಲು ಬರುವ ಜನ ಹುಣ್ಣಿಮೆಯಿಂದ ದಿನ ಎಣಿಸುತ್ತಾರೆಯೇ ಹೊರತು ಜೂನ್ ತಿಂಗಳ ತಾರೀಖಿನಿಂದಲ್ಲ. ಇದು ಮರಳಿ ಬರುವ ದಿನ. ಚರಿತ್ರಕಾರನಿಗೆ ಬೇಕಾದದ್ದಾದರೋ ಮರಳಿ ಬಾರದ ದಿನ. ಒಂದು ಸಾರಿ ಆಗಿಹೋದ, ಇನ್ನೆಂದೂ ಆಗದ ಆ ದಿನವನ್ನು ಮಾತಿನಿಂದ ಅಂಕಿಗೆ ಹೇಗೆ ಇಳಿಸಿಕೊಳ್ಳುತ್ತಾರೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದು ಕೇವಲ ಶಾಸನ ಓದುವವರ ಕೆಲಸವಾಗಿ ಈಗ ಉಳಿದಿಲ್ಲ. ಗಣಕಯಂತ್ರಗಳಿಗೆ ತಂತ್ರಾಂಶ ಬರೆಯುವ ತರುಣರು ದಿನವೂ ಮಾಡುವ ಕೆಲಸವೂ ಇದೇ. ‘5-6-1981’ ಎಂದು ಯಾರೋ ಬರೆದಿರುತ್ತಾರೆ. ಅದು ಯಂತ್ರಕ್ಕೆ ಬರಿಯ ಅಕ್ಷರಗಳ ಸಾಲು. ಅದನ್ನು ಒಂದೇ ಒಂದು ಅಂಕಿಯಾಗಿ ಮಾಡಿಕೊಟ್ಟರೆ ಮಾತ್ರ ಯಂತ್ರ ಹಿಂದು ಮುಂದು ಹೇಳಬಲ್ಲದು, ಕೂಡಿ ಕಳೆಯಬಲ್ಲದು. ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಆ ಅಂಕಿ, ಗ್ರೀನಿಚ್ ಕಾಲಮಾನದ ಪ್ರಕಾರ 1970ನೆಯ ಜನವರಿ 1ರ ನಡುರಾತ್ರಿಯಿಂದ ಕಳೆದ ಸೆಕೆಂಡುಗಳ ಎಣಿಕೆ. ಆದರೆ ಅಕ್ಷರದ ಸಾಲಿನಲ್ಲಿ ಒಂದು ತೊಡಕು ಉಂಟು. ಮೇಲಿನ ದಿನಾಂಕ ನಮಗೆ ಜೂನ್ ತಿಂಗಳ ಐದನೆಯ ದಿನ, ಅಮೆರಿಕದವರಿಗೆ ಮೇ ತಿಂಗಳ ಆರನೆಯ ದಿನ. ಬರೆದವನು ಯಾವ ಊರಿನವನು ಎಂಬುದು ತಿಳಿಯದೆ ಬರೆದದ್ದರ ಅರ್ಥ ತಿಳಿಯದು.

ನಮ್ಮ ಜ್ಯೋತಿಷಿಗಳಿಗೆ ಈ ಉಪಾಯ ಹೊಸದಲ್ಲ. ಅವರು ಇದನ್ನು ಅಹರ್ಗಣ ಎಂದರು, ಎಂದರೆ ದಿನಗಳ ರಾಶಿ. ಕಲಿಯುಗದ ಆರಂಭವೆಂದು ಇಟ್ಟುಕೊಂಡ ಕ್ರಿಸ್ತಪೂರ್ವ 3102ನೆಯ ಫೆಬ್ರುವರಿ 18, ಶುಕ್ರವಾರದಿಂದ ಇಂದಿನವರೆಗೆ ಎಷ್ಟು ದಿನ ಕಳೆದವು ಎಂದು ಮೊದಲು ಎಣಿಸಿಕೊಂಡು, ಅನಂತರವೇ ಗ್ರಹಗಳ ಸ್ಥಾನವನ್ನು ಗುಣಿಸುತ್ತಿದ್ದರು. ಯುರೋಪಿನಲ್ಲಿ ಸ್ಕಾಲಿಜರ್ ಎಂಬ ಪಂಡಿತ 1583ರಲ್ಲಿ ಇಂಥದೇ ಒಂದು ಚೌಕಟ್ಟನ್ನು ಕಟ್ಟಿದ. ಅದರ ಆರಂಭ ಕ್ರಿಸ್ತಪೂರ್ವ 4713ನೆಯ ಜನವರಿ 1. ಇಂದಿನ ಖಗೋಲಜ್ಞರು ಬಳಸುವ ಜೂಲಿಯನ್ ದಿನಸಂಖ್ಯೆ ಆ ಬಿಂದುವಿನಿಂದಲೇ ಹೊರಡುತ್ತದೆ. ಕಲಿಯುಗ, ಸ್ಕಾಲಿಜರ್, ಯುನಿಕ್ಸ್ ಮೂವರೂ ಒಂದು ಗೂಟ ನೆಟ್ಟು ಅಲ್ಲಿಂದ ಹಗ್ಗ ಹಿಡಿದವರೇ. ಗೂಟ ಎಲ್ಲಿದೆ ಎಂಬುದಷ್ಟೇ ಬೇರೆ.

ಮಹಿಪತಿದಾಸರ ಕಾಲದ ಬಿಜಾಪುರದಲ್ಲಿ ಇಂಥ ಗೂಟಗಳು ಬಹಳ ಇದ್ದವು. (2014ರ ನವೆಂಬರಿನಿಂದ ಊರಿನ ಅಧಿಕೃತ ಹೆಸರು ವಿಜಯಪುರ, ಹಳೆಯ ಕಾಲದ ಮಾತಿಗೆ ನಾನು ಹಳೆಯ ಹೆಸರನ್ನೇ ಇಟ್ಟುಕೊಳ್ಳುತ್ತೇನೆ.) ಅಗ್ರಹಾರದ ಬ್ರಾಹ್ಮಣ ಶಾಲಿವಾಹನ ಶಕೆ ಮತ್ತು ಸಂವತ್ಸರದ ಹೆಸರು ಹೇಳಿ ಸಂಕಲ್ಪ ಮಾಡುತ್ತಿದ್ದ. ಮಸೀದಿಯ ಕಲ್ಲಿನಲ್ಲಿ ಹಿಜರಿ ಸನ್ನು. ದಫ್ತರದ ಕಾಗದದಲ್ಲಿ ಶುಹೂರ್ ಸನ್ನು, ಅದನ್ನೇ ಅರಬಿ ಸನ್ನೆಂದೂ ಮೃಗಸಾಲವೆಂದೂ ಕರೆಯುವರು. ಒಬ್ಬನೇ ಅಧಿಕಾರಿ ಬೆಳಗ್ಗೆ ಒಂದು, ಕಚೇರಿಯಲ್ಲಿ ಇನ್ನೊಂದು, ಸಂಜೆ ಮಿತ್ರನ ಮನೆಯಲ್ಲಿ ಮತ್ತೊಂದು ವರ್ಷದಲ್ಲಿ ಬದುಕುತ್ತಿದ್ದ ಎಂದರೆ ಅತಿಶಯೋಕ್ತಿಯಲ್ಲ.

ಶುಹೂರ್ ಸನ್ನಿನ ಸಂಗತಿ ಕೊಂಚ ವಿವರವಾಗಿ ಹೇಳಬೇಕಾದದ್ದು. ಹಿಜರಿ ವರ್ಷ ಚಾಂದ್ರಮಾನದ್ದು. 354 ಅಥವಾ 355 ದಿನಗಳಲ್ಲಿ ಮುಗಿದುಹೋಗುತ್ತದೆ. ಅದರ ತಿಂಗಳುಗಳು ಋತುಗಳ ಮೇಲೆ ಜಾರುತ್ತ ಹೋಗುತ್ತವೆ. ರಂಜಾನ್ ಒಮ್ಮೆ ಬೇಸಗೆಯಲ್ಲಿ, ಒಮ್ಮೆ ಚಳಿಯಲ್ಲಿ. ಪ್ರಾರ್ಥನೆಗೆ ಇದರಿಂದ ಬಾಧಕವಿಲ್ಲ, ಕಂದಾಯಕ್ಕೆ ಉಂಟು. ಬೆಳೆ ಬಾರದ ತಿಂಗಳಲ್ಲಿ ತೀರುವೆ ಕೇಳಿದರೆ ರೈತ ಎಲ್ಲಿಂದ ತರಬೇಕು? ಆದ್ದರಿಂದ ದಖ್ಖನದಲ್ಲಿ 1344ರ ಮೇ ತಿಂಗಳಿನಿಂದ ಹಿಜರಿಯ ಅಂಕಿಯನ್ನೇ ಎತ್ತಿಕೊಂಡು, ಅಂದರೆ 745 ಎಂದು ಹಿಡಿದು, ವರ್ಷವನ್ನು ಮಾತ್ರ ಸೌರಮಾನಕ್ಕೆ ಕಟ್ಟಿದರು. ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದಾಗ, ಮಿರಗ ಹೂಡಿದಾಗ, ಹೊಸ ವರ್ಷ. ಇದಕ್ಕಿಂತ ಒಕ್ಕಲುತನಕ್ಕೆ ಒಪ್ಪುವ ವರ್ಷಾರಂಭ ಬೇರೊಂದಿರಲಾರದು.

ಸೊಗಸಾದ ಮಾತೆಂದರೆ ಈ ವರ್ಷವನ್ನು ಅಂಕಿಗಳಲ್ಲಿ ಅಲ್ಲ, ಅರಬಿಯ ಸಂಖ್ಯಾವಾಚಕಗಳಲ್ಲಿ ಬರೆಯುತ್ತಿದ್ದರು. ಮೋಡಿ ಲಿಪಿಯ ಮರಾಠಿ ಕಾಗದದಲ್ಲೂ ಅದೇ ಪದ್ಧತಿ. ‘ಸಲಾಸ ಸಬೈನ ಅಲಫ’ ಎಂದರೆ ಮೂರು, ಎಪ್ಪತ್ತು, ಸಾವಿರ, ಕೂಡಿಸಿದರೆ 1073. ಬಿಡಿಸ್ಥಾನ ಮೊದಲು, ಸಾವಿರ ಕೊನೆಗೆ. ನಮ್ಮ ಕವಿಗಳು ಶಶಿ, ನೇತ್ರ, ಅಗ್ನಿ, ವೇದ, ಬಾಣ ಎಂದು ಭೂತಸಂಖ್ಯೆಯಲ್ಲಿ ಶಕವರ್ಷ ಹೇಳುವಾಗಲೂ ಅಂಕಗಳು ಬಲದಿಂದ ಎಡಕ್ಕೇ ನಡೆಯುತ್ತವೆ. ಗೊತ್ತಿಲ್ಲದವನು ತಿರುಗಾಮುರುಗಾ ಓದಿ ಕೆಡುವುದು ಎರಡರಲ್ಲೂ ಸುಲಭ. ಭೂತಸಂಖ್ಯೆಯಲ್ಲಿ ಇನ್ನೂ ಒಂದು ಅಪಾಯವಿದೆ. ‘ಸಮುದ್ರ’ವೆಂದರೆ ಕೆಲವರಿಗೆ ನಾಲ್ಕು, ಕೆಲವರಿಗೆ ಏಳು. ‘ರಸ’ವೆಂದರೆ ಆರು, ಅಲಂಕಾರಶಾಸ್ತ್ರ ಬಲ್ಲವನಿಗೆ ಒಂಬತ್ತು!

ಈಗ ಆ 1073ನ್ನೇ ತೆಗೆದುಕೊಳ್ಳಿ. ಅದು ಶುಹೂರ್ ಸನ್ನಾದರೆ 599 ಅಥವಾ 600 ಕೂಡಿಸಬೇಕು, ಕ್ರಿ.ಶ. 1672-73 ಬರುತ್ತದೆ. ಅದು ಎರಡನೆಯ ಅಲಿ ಆದಿಲಶಹನು ತೀರಿಕೊಂಡು ಎಳೆಯ ಸಿಕಂದರನು ಗದ್ದುಗೆಗೆ ಬಂದ ಸಮಯ. ಅದೇ 1073ನ್ನು ಹಿಜರಿ ಎಂದು ತಿಳಿದರೆ 1662-63 ಆಗುತ್ತದೆ. ಅಂಕಿ ಒಂದೇ, ನಡುವೆ ಹತ್ತು ವರ್ಷಗಳ ಕಂದಕ. ದಕ್ಷಿಣದ ರಾಜಕಾರಣದಲ್ಲಿ ಆ ಹತ್ತು ವರ್ಷಗಳಲ್ಲಿ ಏನೇನಾಯಿತು ಎಂಬುದನ್ನು ನೆನೆದರೆ, ಒಂದು ಕಾಗದವನ್ನು ತಪ್ಪು ಕಡೆ ಇಡುವುದು ಎಂಥ ಅನರ್ಥವೆಂಬುದು ತಿಳಿಯುತ್ತದೆ.

ಗೋಳಗುಮ್ಮಟಕ್ಕೆ ಹೋದವರು ಪಿಸುಮಾತಿನ ಪ್ರತಿಧ್ವನಿಯನ್ನು ಕೇಳಿ ಬರುತ್ತಾರೆ. ದಕ್ಷಿಣದ ಬಾಗಿಲಿನ ಮೇಲಣ ಬರಹವನ್ನು ನೋಡುವವರು ವಿರಳ. ಅಲ್ಲಿ ಮಹಮ್ಮದ ಆದಿಲಶಹನ ಸದ್ಗತಿಯನ್ನು ಹೇಳುವ ಮೂರು ಪಾರಸಿ ವಾಕ್ಯಗಳಿವೆ. ಅಕ್ಷರಕ್ಕೊಂದು ಬೆಲೆ ಕಟ್ಟುವ ಅಬ್ಜದ್ ಕ್ರಮದಲ್ಲಿ ಕೂಡಿಸಿದರೆ ಮೂರೂ ವಾಕ್ಯಗಳು 1067 ಎಂಬ ಹಿಜರಿ ವರ್ಷವನ್ನೇ ಕೊಡುತ್ತವೆ. ಮೀಮ್ ಎಂಬ ಅಕ್ಷರಕ್ಕೆ 40, ಹೇ ಎಂಬುದಕ್ಕೆ 8, ದಾಲ್‌ಗೆ 4. ‘ಮಹಮ್ಮದ’ ಎಂಬ ಹೆಸರೊಂದೇ 40, 8, 40, 4 ಕೂಡಿ 92 ಆಗುತ್ತದೆ. ನಮ್ಮ ಕಟಪಯಾದಿ ಕ್ರಮವೂ ಇದರ ದಾಯಾದಿಯೇ. ಶೋಕವನ್ನು ಹೇಳುತ್ತಲೇ ಸನ್ನನ್ನೂ ಹೇಳುವ ಈ ಚಮತ್ಕಾರವನ್ನು ಮೆಚ್ಚದಿರಲಾಗದು. ಆದರೂ ಚರಿತ್ರಕಾರ ಒಂದು ಮಾತನ್ನು ಗಮನಿಸಬೇಕು. ಹಿಜರಿ 1067 ಆರಂಭವಾದದ್ದು 1656ರ ಅಕ್ಟೋಬರಿನಲ್ಲಿ, ಮುಗಿದದ್ದು 1657ರ ಅಕ್ಟೋಬರಿನಲ್ಲಿ. ಬಾಗಿಲಿನ ಮೇಲಣ ವರ್ಷ ನಮ್ಮ ಎರಡು ವರ್ಷಗಳನ್ನು ತುಳಿದುಕೊಂಡು ನಿಂತಿದೆ. ಸುಲ್ತಾನನು 1656ರ ನವೆಂಬರಿನಲ್ಲಿ ತೀರಿಕೊಂಡನೆಂಬುದು ಬೇರೆ ಆಧಾರಗಳಿಂದ ತಿಳಿಯಬೇಕಾದದ್ದು. ಆ ಕಲ್ಲು ಅದನ್ನು ಹೇಳುವುದಿಲ್ಲ.

ವರ್ಷದಿಂದ ದಿನಕ್ಕೆ ಇಳಿಯೋಣ. ಈ ಸೀಮೆಯ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ದಿನ ಒಂದೇ, ರಕ್ಕಸಗಿ-ತಂಗಡಗಿಯ ಕಾಳಗದ ದಿನ. ತಾಳಿಕೋಟೆಯ ಯುದ್ಧವೆಂದು ಶಾಲೆಯಲ್ಲಿ ನಾವು ಓದಿದ್ದು ಇದನ್ನೇ. 1565ನೆಯ ಜನವರಿ 23 ಎಂದು ಪುಸ್ತಕಗಳು ಹೇಳುತ್ತವೆ. ಈ ಅಂಕಿಯ ಹಿಂದೆ ಇರುವ ಮುಖ್ಯ ಆಧಾರ ಫಿರಿಸ್ತಾ. ಅವನು 1589ರಲ್ಲಿ ಬಿಜಾಪುರಕ್ಕೆ ಬಂದು, ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ ಕುಳಿತು ತನ್ನ ದೊಡ್ಡ ಚರಿತ್ರೆಯನ್ನು ಬರೆದವನು. ಕಾಳಗ ನಡೆದು ಆಗಲೇ 24 ವರ್ಷಗಳು ಕಳೆದಿದ್ದವು. ಯುದ್ಧ ನಡೆದದ್ದು ಹಿಜರಿ 972ನೆಯ ಜಮಾದಿ-ಉಸ್-ಸಾನಿ ತಿಂಗಳ 20, ಶುಕ್ರವಾರ ಎಂದು ಅವನು ಬರೆದಿದ್ದಾನೆ.

ಇದನ್ನು ನಾವೇ ಎಣಿಸಿ ನೋಡಬಹುದು. ಕಾಗದ, ಲೇಖನಿ ಸಾಕು. ಹಿಜರಿಯ ಮೊದಲ ದಿನ ಕ್ರಿ.ಶ. 622ನೆಯ ಜುಲೈ 16, ಶುಕ್ರವಾರ. ಕಳೆದ ವರ್ಷಗಳು 971. ವರ್ಷಕ್ಕೆ 354ರಂತೆ 3,43,734 ದಿನ. 30 ವರ್ಷಕ್ಕೆ 11ರಂತೆ ಬರುವ ಅಧಿಕ ದಿನಗಳು 356. ಈ ವರ್ಷದ ಐದು ಪೂರ್ಣ ತಿಂಗಳುಗಳಿಗೆ 148, ಅದಕ್ಕೆ 20 ಸೇರಿದರೆ 168. ಎಲ್ಲ ಕೂಡಿ 3,44,258ನೆಯ ದಿನ. ಮೊದಲ ದಿನವನ್ನು ಬಿಟ್ಟು ಏಳರಿಂದ ಭಾಗಿಸಿದರೆ ಉಳಿಯುವುದು ನಾಲ್ಕು. ಶುಕ್ರವಾರದಿಂದ ನಾಲ್ಕು ದಿನ ಮುಂದೆ ಹೋದರೆ ಮಂಗಳವಾರ! ನಮ್ಮ ಕಲಿ ಅಹರ್ಗಣದಿಂದ ನೋಡಿದರೂ ಅಷ್ಟೆ. 1565ನೆಯ ಜನವರಿ 23ಕ್ಕೆ ಕಲಿಯ ಆರಂಭದಿಂದ 17,04,231 ದಿನ. ಏಳರಿಂದ ಭಾಗಿಸಿದರೆ ಉಳಿದದ್ದು ನಾಲ್ಕೇ, ಎಣಿಕೆ ಹೊರಡುವುದೂ ಶುಕ್ರವಾರದಿಂದಲೇ. ಮಕ್ಕಾದ ಗೂಟಕ್ಕೂ ಕಲಿಯುಗದ ಗೂಟಕ್ಕೂ ಸಂಬಂಧವಿಲ್ಲದಿದ್ದರೂ ಉತ್ತರ ಒಂದೇ ಬರುತ್ತದೆ.

ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದಾಗ, ಫಿರಿಸ್ತಾ ಹೇಳುವ ತಾರೀಖಿಗೆ ಮಂಗಳವಾರ ಬರುತ್ತದೆಯೇ ಹೊರತು ಶುಕ್ರವಾರ ಬರುವುದಿಲ್ಲವೆಂದು ಅಡಿಟಿಪ್ಪಣಿಯಲ್ಲಿ ತೋರಿಸಿ ಮುಂದೆ ನಡೆದ. ನಮ್ಮ ಪಠ್ಯಪುಸ್ತಕಗಳು ಅಂಕಿಯನ್ನು ಎತ್ತಿಕೊಂಡವು, ಟಿಪ್ಪಣಿಯನ್ನು ಬಿಟ್ಟವು. ಚಂದ್ರದರ್ಶನದಲ್ಲಿ ಒಂದು ದಿನ ಹೆಚ್ಚುಕಡಮೆಯಾಗುವುದುಂಟು. ಮೂರು ದಿನ ಆಗುವುದಿಲ್ಲ. ಆದ್ದರಿಂದ ಫಿರಿಸ್ತಾನ ಎರಡು ಮಾತುಗಳಲ್ಲಿ ಒಂದು ಸುಳ್ಳು. ತಾರೀಖು ನಿಜವಾದರೆ ವಾರ ತಪ್ಪು. ವಾರ ನಿಜವಾದರೆ ಕಾಳಗ 19ಕ್ಕೋ 26ಕ್ಕೋ ಹೋಗಬೇಕು. ಶುಕ್ರವಾರ ನಮಾಜಿನ ವಾರ. ಅಂಥ ದೊಡ್ಡ ಜಯ ಆ ದಿನವೇ ಬಂತೆಂಬುದು ಬಿಜಾಪುರದ ದರಬಾರಿನ ಕಿವಿಗೆ ಹಿತವಾಗಿ ಕೇಳಿಸಿರಬೇಕು. ನಾನು 23ರ ಕಡೆಗೇ ವಾಲುತ್ತೇನೆ. ಆದರೆ ಅದನ್ನು ಗಡಿಯಾರದ ಮುಳ್ಳಿನಷ್ಟು ಖಚಿತವೆಂದು ತರಗತಿಯಲ್ಲಿ ಹೇಳುವವರನ್ನು ಕಂಡರೆ ನನಗೆ ಸಮಾಧಾನವಿಲ್ಲ.

ಇಲ್ಲಿ ವಾರದ ಮಹಿಮೆಯನ್ನು ಗಮನಿಸಬೇಕು. ತಿಂಗಳು ಬೇರೆ, ವರ್ಷ ಬೇರೆ, ದಿನದ ಆರಂಭವೂ ಬೇರೆ. ನಮಗೆ ಸೂರ್ಯೋದಯದಿಂದ, ಮುಸಲ್ಮಾನರಿಗೆ ಸೂರ್ಯಾಸ್ತದಿಂದ, ಇಂಗ್ಲಿಷರಿಗೆ ನಡುರಾತ್ರಿಯಿಂದ ದಿನ ಆರಂಭ. ಆದರೆ ಏಳು ವಾರಗಳ ಸರಪಳಿ ಮಾತ್ರ ಎಲ್ಲರಿಗೂ ಒಂದೇ. ನಮ್ಮ ಶುಕ್ರವಾರವೇ ಅವರ ಜುಮ್ಮಾ. ಪೋಪ್ ಹದಿಮೂರನೆಯ ಗ್ರೆಗರಿ 1582ರಲ್ಲಿ ಪಂಚಾಂಗವನ್ನು ತಿದ್ದಿ ಹತ್ತು ದಿನಗಳನ್ನು ಕಿತ್ತುಹಾಕಿದಾಗ, ಅಕ್ಟೋಬರ್ 4 ಗುರುವಾರದ ಮರುದಿನ ಅಕ್ಟೋಬರ್ 15 ಆಯಿತು. ಆದರೆ ಆ ದಿನ ಶುಕ್ರವಾರವೇ ಆಗಿತ್ತು. ಅವನೂ ವಾರದ ತಂಟೆಗೆ ಹೋಗಲಿಲ್ಲ. ಹೀಗಾಗಿ ಒಂದು ತಿಥಿಯ ಪಕ್ಕದಲ್ಲಿ ಬರೆದ ವಾರದ ಹೆಸರು, ಬರೆದವನಿಗೆ ಬರಿಯ ಸಂಪ್ರದಾಯವಾಗಿದ್ದರೂ, ಓದುವವನಿಗೆ ಸಾಕ್ಷಿಯಾಗುತ್ತದೆ. ಯಾವುದೇ ತಿಥಿ ಯಾವುದೇ ವಾರಕ್ಕೆ ಸರಾಸರಿ ಏಳು ವರ್ಷಕ್ಕೊಮ್ಮೆ ಮಾತ್ರ ಕೂಡುವುದರಿಂದ, ಸುಳ್ಳು ವರ್ಷ ಹೇಳಿದವನು ಏಳರಲ್ಲಿ ಆರು ಸಲ ಸಿಕ್ಕಿಬೀಳುತ್ತಾನೆ.

ಈ ಸಾಕ್ಷಿಯನ್ನು ಕಟಕಟೆಗೆ ಕರೆತಂದವರಲ್ಲಿ ಮೊದಲ ಸಾಲಿನವರು ಕನ್ನಡ ನಾಡಿನಲ್ಲಿ ದುಡಿದವರೇ ಎಂಬುದು ನಮಗೆ ಅಭಿಮಾನದ ಸಂಗತಿ. ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದು ಶಾಸನಗಳನ್ನೂ ಲಾವಣಿಗಳನ್ನೂ ಒಂದೇ ಪ್ರೀತಿಯಿಂದ ಕೂಡಿಹಾಕಿದವನು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದವನು. ಇಲ್ಲಿ ಕಲಿತ ವಿದ್ಯೆಯನ್ನು ಅವನು ದೂರದ ಒಂದು ವ್ಯಾಜ್ಯಕ್ಕೆ ಬಳಸಿದ. ಗುಪ್ತಶಕೆ ಎಂದು ಆರಂಭವಾಯಿತು ಎಂಬುದು ಆಗ ದೊಡ್ಡ ಜಗಳ. ಪಂಡಿತರು ಹೇಳುತ್ತಿದ್ದ ವರ್ಷಗಳ ನಡುವೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಅಂತರವಿತ್ತು. ಮಧ್ಯಪ್ರದೇಶದ ಏರಣದಲ್ಲಿ ಬುಧಗುಪ್ತನ ಕಾಲದ ಒಂದು ಕಂಬವಿದೆ. ಅದರಲ್ಲಿ 165ನೆಯ ವರ್ಷ, ಆಷಾಢ ಶುದ್ಧ ದ್ವಾದಶಿ, ಗುರುವಾರ ಎಂದು ಕೊರೆದಿದೆ. ಫ್ಲೀಟನ ಕೋರಿಕೆಯಂತೆ ಶಂಕರ ಬಾಳಕೃಷ್ಣ ದೀಕ್ಷಿತರು ಗಣಿತ ಮಾಡಿದರು. ಅವರು ಮರಾಠಿ ಶಾಲಾಶಿಕ್ಷಕರು, ಮುಂದೆ ಭಾರತೀಯ ಜ್ಯೋತಿಷದ ಚರಿತ್ರೆಯನ್ನು ಬರೆದವರು. ಆ ತಿಥಿಗೆ ಗುರುವಾರ ಕೂಡಿದ್ದು ಕ್ರಿ.ಶ. 484ನೆಯ ಜೂನ್ 21ರಂದು. ಗುಪ್ತಶಕೆಗೆ 319 ಕೂಡಿಸಬೇಕೆಂಬುದಕ್ಕೆ ಅದು ಬಲವಾದ ಆಧಾರವಾಯಿತು. ಫ್ಲೀಟನ ಗುಪ್ತಶಾಸನಗಳ ಸಂಪುಟ 1888ರಲ್ಲಿ ಹೊರಬಂತು. ಒಂದು ಸಾಮ್ರಾಜ್ಯದ ಕಾಲ ನಿಂತದ್ದು ಕಂಬದ ಮೇಲಣ ‘ಗುರು’ ಎಂಬ ಮಾತನ್ನು ಆಧರಿಸಿ.

ಅನಂತರದ ಕೆಲಸ ಕೋಷ್ಟಕಗಳದು. ಸೀವೆಲ್ ಮತ್ತು ದೀಕ್ಷಿತರು ಸೇರಿ 1896ರಲ್ಲಿ ಭಾರತೀಯ ಪಂಚಾಂಗವನ್ನು ಕುರಿತ ಗ್ರಂಥ ತಂದರು. ಮದರಾಸಿನ ಸ್ವಾಮಿಕಣ್ಣು ಪಿಳ್ಳೆಯವರು ಕ್ರಿ.ಶ. 700ರಿಂದ 1799ರವರೆಗೆ ಒಂದೊಂದು ದಿನಕ್ಕೂ ತಿಥಿ, ನಕ್ಷತ್ರ ಮುಗಿಯುವ ಹೊತ್ತನ್ನು ಲೆಕ್ಕ ಹಾಕಿ ಕೊಟ್ಟ ಸಂಪುಟಗಳು 1922ರಲ್ಲಿ ಬಂದವು. ಯಂತ್ರಗಳಿಲ್ಲದ ಕಾಲದಲ್ಲಿ ನಾಲ್ಕು ಲಕ್ಷ ದಿನಗಳ ಗಣಿತ ಅದು! ಹಳೆಯ ಬಿಜಾಪುರ ಜಿಲ್ಲೆಯಲ್ಲಿ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರೂ 1923ರಲ್ಲಿ ದೇಶವಿದೇಶಗಳ ಕಾಲಗಣನೆಯ ಪುಸ್ತಕವನ್ನು ಪ್ರಕಟಿಸಿದರು. ನೆಪ್ಚೂನಿನ ಆಚೆ ಇನ್ನೂ ಗ್ರಹಗಳಿವೆಯೆಂದು 1911ರಲ್ಲಿಯೇ ಫ್ರೆಂಚ್ ಪತ್ರಿಕೆಯೊಂದರಲ್ಲಿ ಬರೆದವರು ಇವರೇ. ನಮ್ಮ ಜಿಲ್ಲೆಯ ಶಾಲಾ ಪುಸ್ತಕಗಳಲ್ಲಿ ಇವರ ಹೆಸರಿಗೆ ಇನ್ನಷ್ಟು ಜಾಗ ಸಲ್ಲಬೇಕಿತ್ತು.

ವಾರವಿಲ್ಲದ ಕಡೆ ಸಂವತ್ಸರದ ಹೆಸರು ಸಾಕ್ಷಿ ನುಡಿಯುತ್ತದೆ. ಹಂಪೆಯ ವಿರೂಪಾಕ್ಷ ದೇವಾಲಯದ ಶಾಸನ ಕೃಷ್ಣದೇವರಾಯನ ಪಟ್ಟಾಭಿಷೇಕದ ಉತ್ಸವವನ್ನು ಹೇಳುವಾಗ ಶಕ 1430 ಕಳೆದ, ಶುಕ್ಲ ಸಂವತ್ಸರದ ಮಾಘ ಶುದ್ಧ ಚತುರ್ದಶಿ ಎನ್ನುತ್ತದೆ. ಇಲ್ಲಿಯೂ ಎರಡು ಮಾತು ಹೊಂದುವುದಿಲ್ಲ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿದದ್ದು ಪ್ರಭವದಿಂದ ಎಣಿಸಬೇಕಾದ ಸಂವತ್ಸರ. 1430ಕ್ಕೆ ಉಳಿಯುವುದು ಎರಡು, ಅದು ವಿಭವ. ಶುಕ್ಲ ಬರುವುದು 1431ಕ್ಕೆ. ಅಂಕಿಯನ್ನು ನಂಬಿದರೆ ಆ ಮಾಘ 1509ರಲ್ಲಿ. ಹೆಸರನ್ನು ನಂಬಿದರೆ 1510ನೆಯ ಜನವರಿ 23 ಅಥವಾ 24. ವಿದ್ವಾಂಸರು ಸಾಮಾನ್ಯವಾಗಿ ಹೆಸರನ್ನೇ ನಂಬಿದ್ದಾರೆ, ಅದು ಸರಿ ಎಂದೇ ನನ್ನ ಅಭಿಪ್ರಾಯ. ಶಕಸಂಖ್ಯೆಯನ್ನು ಬರೆಯುವಾಗ ಕಳೆದ ವರ್ಷವೋ ನಡೆಯುವ ವರ್ಷವೋ ಎಂದು ಲಿಪಿಕಾರ ತಡವರಿಸಬಹುದು. ಆದರೆ ತಾನು ಯಾವ ಸಂವತ್ಸರದಲ್ಲಿ ಇದ್ದೇನೆ ಎಂಬುದನ್ನು ಯಾರೂ ಮರೆಯುತ್ತಿರಲಿಲ್ಲ. ದಿನವೂ ಸಂಕಲ್ಪದಲ್ಲಿ ಹೇಳುತ್ತಿದ್ದ ಹೆಸರು ಅದು. ಜನ ಬಾಯಲ್ಲಿ ಬಳಸುವ ಮಾತು, ವರ್ಷಕ್ಕೊಮ್ಮೆ ಬದಲಾಗುವ ಅಂಕಿಗಿಂತ ಗಟ್ಟಿ.

ಬಾಯಿಮಾತಿನ ಈ ಗಟ್ಟಿತನವನ್ನು ನಾವು ಎಷ್ಟು ಸುಲಭವಾಗಿ ಚೆಲ್ಲಿದೆವು ಎಂಬುದಕ್ಕೆ ನನ್ನ ವಾರಿಗೆಯವರ ಜನ್ಮದಿನಾಂಕಗಳೇ ನಿದರ್ಶನ. ಶಾಲೆಯ ದಾಖಲೆಯ ಪ್ರಕಾರ ಹಳ್ಳಿಗಳ ಎಷ್ಟೋ ಮಂದಿ ಹುಟ್ಟಿದ್ದು ಜೂನ್ 1ರಂದು. ಕರ್ನಾಟಕದಲ್ಲಿ ಆ ಒಂದು ದಿನ ಆದಷ್ಟು ಹೆರಿಗೆ ಜಗತ್ತಿನಲ್ಲೆಲ್ಲೂ ಆಗಿರಲಾರದು! ಮಗುವನ್ನು ಕರೆತಂದ ತಾಯಿ ‘ಕಾರಹುಣ್ಣಿಮೆಯ ಮರುದಿನ, ಮಂಗಳವಾರ, ಆರು ವರ್ಷದ ಹಿಂದೆ’ ಎಂದಿರುತ್ತಾಳೆ. ಗುರುಗಳು ಜೂನ್ 1 ಎಂದು ಬರೆದುಕೊಂಡು, ವರ್ಷವನ್ನು ಪ್ರವೇಶಕ್ಕೆ ಹೊಂದುವಂತೆ ಹಾಕುತ್ತಾರೆ. ಸ್ವಾಮಿಕಣ್ಣು ಪಿಳ್ಳೆಯಂಥವರ ಕೈಗೆ ಆ ತಾಯಿಯ ಮಾತು ಸಿಕ್ಕಿದ್ದರೆ ಒಂದು ಗಳಿಗೆಯಲ್ಲಿ ನಿಜವಾದ ದಿನ ಹೊರಗೆ ಬರುತ್ತಿತ್ತು. ಅವಳು ಹೇಳಿದ್ದು ಪೂರ್ಣವಾದ ದಿನಾಂಕವೇ. ಅದನ್ನು ಬರೆದುಕೊಳ್ಳುವ ಕೋಣೆ ಮಾತ್ರ ದಾಖಲೆಯ ಪುಸ್ತಕದಲ್ಲಿ ಇರಲಿಲ್ಲ. ಸೇವೆಗೆ ಸೇರಿದ್ದು, ನಿವೃತ್ತಿಯಾದದ್ದು, ಪಿಂಚಣಿ ಪಡೆದದ್ದು ಎಲ್ಲವೂ ಆ ಜೂನ್ 1ರ ಮೇಲೆಯೇ.

ಈಗ ಅದೇ ಕೋಣೆಯ ಪ್ರಶ್ನೆ ಇನ್ನೂ ದೊಡ್ಡದಾಗಿ ಬಂದಿದೆ. ಶಾಸನ, ಹಸ್ತಪ್ರತಿ, ದಫ್ತರದ ಕಾಗದ ಎಲ್ಲವನ್ನೂ ಗಣಕಯಂತ್ರಕ್ಕೆ ಏರಿಸುವ ಕೆಲಸ ನಡೆದಿದೆ, ಒಳ್ಳೆಯದೇ. ಆದರೆ ಯಂತ್ರ ಕೇಳುವುದು ದಿನ, ತಿಂಗಳು, ವರ್ಷ ಎಂಬ ಮೂರು ಅಂಕಿಗಳನ್ನು ಮಾತ್ರ. ಬರಿಯ ವರ್ಷ ಕೊಟ್ಟರೆ ಎಷ್ಟೋ ತಂತ್ರಾಂಶಗಳು ಜನವರಿ 1 ಎಂದು ತಾವೇ ತುಂಬಿಕೊಳ್ಳುತ್ತವೆ. ಮಹಿಪತಿದಾಸರ ಹೆಸರಿನ ಮುಂದೆ 1681 ಎಂದು ಕೊಟ್ಟೆವೆನ್ನಿ. ಆ ವರ್ಷದ ಯುಗಾದಿಯಿಂದ ಶಕ 1603, ದುರ್ಮತಿ ಸಂವತ್ಸರ. ಯಂತ್ರ ತುಂಬಿದ ಜನವರಿ 1 ಆದರೋ ಯುಗಾದಿಗೆ ಹಿಂದಿನದು. ಅಂದು ಶಕ 1602, ರೌದ್ರಿ. ಒಂದು ಒತ್ತುಗುಂಡಿಯಲ್ಲಿ ದಾಸರು ಬೇರೊಂದು ಸಂವತ್ಸರದಲ್ಲಿ ತೀರಿಕೊಂಡಂತೆ ಆಗುತ್ತದೆ, ಅದೂ ಸೆಕೆಂಡಿನವರೆಗಿನ ಖಚಿತತೆಯೊಂದಿಗೆ.

ರಕ್ಕಸಗಿ-ತಂಗಡಗಿಯ ಗತಿ ಇನ್ನೂ ವಿಚಿತ್ರ. 1565ನೆಯ ಜನವರಿ 23 ಎಂದು ಕೊಟ್ಟು ವಾರವನ್ನು ಕೇಳಿ ನೋಡಿ. ಹಲವು ತಂತ್ರಾಂಶಗಳು ಶನಿವಾರ ಎನ್ನುತ್ತವೆ. ಫಿರಿಸ್ತಾ ಶುಕ್ರವಾರ ಎಂದ, ಗಣಿತ ಮಂಗಳವಾರ ಎಂದಿತು, ಈ ಶನಿವಾರ ಎಲ್ಲಿಂದ ಬಂತು? ನಮ್ಮ ಪುಸ್ತಕಗಳ ಜನವರಿ 23 ಹಳೆಯ ಜೂಲಿಯನ್ ಪಂಚಾಂಗದ್ದು. ಯಂತ್ರವಾದರೋ ಗ್ರೆಗರಿಯ ಪಂಚಾಂಗವನ್ನೇ, ಅದು ಹುಟ್ಟುವ ಮೊದಲಿನ ಕಾಲಕ್ಕೂ ಎಳೆದು ಅಂಟಿಸುತ್ತದೆ. ಆ ಲೆಕ್ಕದಲ್ಲಿ ಕಾಳಗದ ದಿನ ಫೆಬ್ರುವರಿ 2. ಹೀಗೆ ತಿದ್ದಿ ಕೊಟ್ಟರೆ ಮಂಗಳವಾರ ಮರಳಿ ಬರುತ್ತದೆ. ಯುನಿಕ್ಸ್ ಗೂಟದಿಂದ ಅದು 1,47,891 ದಿನ ಹಿಂದೆ. ಸೆಕೆಂಡುಗಳಲ್ಲಿ 1,277 ಕೋಟಿ 77 ಲಕ್ಷ 82 ಸಾವಿರದ 400, ಹಿಂದೆ ಒಂದು ಋಣಚಿಹ್ನೆ. ಹಳೆಯ ನಮೂನೆಯ ಯಂತ್ರಗಳಿಗೆ ಈ ಅಂಕಿ ಹಿಡಿಸುವುದೇ ಇಲ್ಲ. ಅವುಗಳ ಕಾಲ 1901ರ ಡಿಸೆಂಬರ್ 13ರಂದು ಹುಟ್ಟಿ 2038ರ ಜನವರಿ 19ರಂದು ಮುಗಿಯುತ್ತದೆ. ಇನ್ನು ಗ್ರೀನಿಚ್ಚಿನ ನಡುರಾತ್ರಿ ಎಂದರೆ ನಮ್ಮ ಐದೂವರೆ ಗಂಟೆ. ಬಿಜಾಪುರದ ಆಕಾಶದ ಗಡಿಯಾರವಾದರೋ ಈಗಿನ ಭಾರತೀಯ ಕಾಲಮಾನಕ್ಕಿಂತ ಸುಮಾರು 27 ನಿಮಿಷ ಹಿಂದೆ. ಕಾಳಗಕ್ಕೆ ಹೊರಟವರು ನೋಡಿದ್ದು ಆ ಸೂರ್ಯನನ್ನು.

ನಮ್ಮ ಸರಕಾರವೂ ಈ ಗೊಂದಲಕ್ಕೆ ತನ್ನ ಕಾಣಿಕೆ ಸಲ್ಲಿಸಿದೆ. ಮೇಘನಾದ ಸಾಹಾ ಅವರ ಸಮಿತಿಯ ಸಲಹೆಯಂತೆ 1957ನೆಯ ಮಾರ್ಚ್ 22ರಂದು ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂತು. ಆಕಾಶವಾಣಿ ಆ ದಿನಾಂಕವನ್ನು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಅದರ ಚೈತ್ರ 1 ಸೂರ್ಯನನ್ನು ಹಿಡಿದದ್ದು, ಮಾರ್ಚ್ 22ಕ್ಕೆ ಅಥವಾ ಅಧಿಕ ವರ್ಷದಲ್ಲಿ 21ಕ್ಕೆ ಬರುತ್ತದೆ. ಮನೆಯ ಪಂಚಾಂಗದ ಚೈತ್ರ ಶುದ್ಧ ಪ್ರತಿಪದೆ ಚಂದ್ರನನ್ನು ಹಿಡಿದದ್ದು. ಎರಡಕ್ಕೂ ಶಕೆ ಎಂದೇ ಹೆಸರು, ವರ್ಷದ ಅಂಕಿಯೂ ಬಹುಮಟ್ಟಿಗೆ ಒಂದೇ. ಮುಂದೊಂದು ದಿನ ನಮ್ಮ ಕಾಗದಗಳನ್ನು ಓದುವವನು ಇದರಲ್ಲಿ ಎಡವಲಿದ್ದಾನೆ.

ದಿನಾಂಕ ಬರೆಯುವ ಅಂತಾರಾಷ್ಟ್ರೀಯ ಕ್ರಮಕ್ಕೆ 2019ರಲ್ಲಿ ಒಂದು ವಿಸ್ತರಣೆ ಸೇರಿತು. ಅದರ ಪ್ರಕಾರ ದಿನ, ತಿಂಗಳು ತಿಳಿಯದಿದ್ದರೆ ಬಿಡಬಹುದು. ಸಂದೇಹವಿದ್ದರೆ ಅಂಕಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಡಬಹುದು. ಕಾಖಂಡಕಿಯ ದಾಸರಿಗೆ 1681 ಎಂದು ಬರೆದು ಒಂದು ಪ್ರಶ್ನೆ. ರಕ್ಕಸಗಿ-ತಂಗಡಗಿಗೆ 1565ರ ಫೆಬ್ರುವರಿ 2 ಎಂದು ಬರೆದು ಇನ್ನೊಂದು. ಆದರೆ ಫಿರಿಸ್ತಾನ ಶುಕ್ರವಾರಕ್ಕೂ, ಆರಾಧನೆಯ ತಿಥಿಗೂ ಅದರಲ್ಲಿ ಜಾಗವಿಲ್ಲ. ಅವನ್ನು ಅವರವರು ಹೇಳಿದ ಮಾತಿನಲ್ಲಿಯೇ, ಅಂಕಿಯ ಪಕ್ಕದ ಕೋಣೆಯಲ್ಲಿ, ಅಕ್ಷರ ಬದಲಿಸದೆ ಬರೆದಿಡಬೇಕು.